ಬೇಲಿ ಹಾಕೋದು ಬೇರೆ, ಉಳೋದು ಬೇರೆ

ನಮಸ್ಕಾರ, ನಮಸ್ಕಾರ. ಇವತ್ತು ಗಂಟಲು ಸ್ವಲ್ಪ ಕಟ್ಟಿದೆ. ಶೀತ ಅಲ್ಲ, ಬೆಳಿಗ್ಗೆ ಒಂದು ಲ್ಯಾಬಿಗೆ ಫೋನ್ ಮಾಡಿ 22 ನಿಮಿಷ ಕಿರುಚಿದ್ದೀನಿ. ಯಾರ ಮೇಲೆ ಅಂತೀರಾ? ಯಾರ ಮೇಲೂ ಇಲ್ಲ. ಆ ಕಡೆ ಮನುಷ್ಯರೇ ಇರ್ಲಿಲ್ಲ.

ವಿಷಯ ಏನಂದ್ರೆ, ನಮ್ಮ ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಅದಕ್ಕೇ ಚಿಕ್ಕಮ್ಮನಿಗೂ ಜೀನ್ ಟೆಸ್ಟ್ ಮಾಡಿಸಿ ಅಂದ್ರು ಡಾಕ್ಟ್ರು. ರಕ್ತ ಕೊಟ್ಟು ಐದು ವಾರ ಆಯ್ತು, ರಿಪೋರ್ಟ್ ಇಲ್ಲ. ಫೋನ್ ಮಾಡಿದ್ರೆ ಇಂಗ್ಲಿಷಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ, ಕನ್ನಡಕ್ಕೆ ನಾಲ್ಕು ಒತ್ತಿ. ಮೂರು ಯಾವುದಕ್ಕೆ ಅಂತ ಕೊನೆಗೂ ಹೇಳ್ಲಿಲ್ಲ. ನಾಲ್ಕು ಒತ್ತಿದ್ರೆ ಕೊಳಲು. ಹತ್ತು ನಿಮಿಷ ಕೊಳಲು ಕೇಳಿದ್ಮೇಲೆ ಮತ್ತೆ, ಇಂಗ್ಲಿಷಿಗೆ ಒಂದು ಒತ್ತಿ.

ಈ ಉರಿಯಲ್ಲೇ ಬಂದು ಹೋದ ವಾರದ ಸಂಚಿಕೆಯ ಕಾಮೆಂಟ್ ನೋಡ್ತೀನಿ. ಒಬ್ಬರು ಬರೆದಿದ್ದಾರೆ. ಹೆಸರು ಬೇಡ, ಪ್ರೊಫೈಲಲ್ಲಿ ಬುಲೆಟ್ ಬೈಕಿನ ಫೋಟೋ ಇದೆ. "ಪೇಟೆಂಟ್ ಬೈಯೋರಿಗೆ ಬಿಸಿನೆಸ್ ಗೊತ್ತಿಲ್ಲ. ಬೇಲಿ ಇಲ್ಲದ ಹೊಲ ಯಾವನು ಉಳ್ತಾನೆ?" ಪೇಟೆಂಟ್ ಅಂದ್ರೆ, ನಾನು ಕಂಡುಹಿಡಿದಿದ್ದನ್ನ ಇಷ್ಟು ವರ್ಷ ನನ್ನ ಕೇಳದೆ ಬೇರೆಯವರು ಮಾಡ್ಬಾರ್ದು, ಮಾರ್ಬಾರ್ದು ಅಂತ ಸರ್ಕಾರ ಕೊಡೋ ಹಕ್ಕು.

ಅಣ್ಣಾ, ಬುಲೆಟ್ ಅಣ್ಣಾ, ಒಳ್ಳೇ ಮಾತು. ನಿಮ್ಮ ಮಾತನ್ನೇ ಇಟ್ಕೊಂಡು ಹೇಳ್ತೀನಿ. ಬೇಲಿ ಹಾಕೋದು ಬೇರೆ, ಉಳೋದು ಬೇರೆ. ಉತ್ತವನು ಬೇಲಿ ಹಾಕಿದ್ರೆ ನನ್ನ ತಕರಾರಿಲ್ಲ. ಉಳದೇನೇ ಬೇಲಿ ಹಾಕಿ, ದಾಟೋರ ಹತ್ರ ಸುಂಕ ಕೇಳ್ತಾರಲ್ಲ, ಅವರ ವಿಷಯ ನಾನು ಮಾತಾಡ್ತಿರೋದು.

ಉತ್ತವನು ಯಾರು ಗೊತ್ತಾ? ಆಲ್ಮನ್ ಸ್ಟ್ರೋಜರ್. ಅಮೆರಿಕದ ಕಾನ್ಸಸ್ ಸಿಟಿಯಲ್ಲಿ ಹೆಣ ಸಾಗಿಸೋ ವ್ಯಾಪಾರ. ಎದುರಾಳಿ ವ್ಯಾಪಾರಿಯ ಹೆಂಡತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಕೈಯಲ್ಲಿ ಕರೆ ಜೋಡಿಸೋ ಆಪರೇಟರ್, ಸ್ಟ್ರೋಜರ್‌ಗೆ ಬರೋ ಕರೆಗಳನ್ನ ತನ್ನ ಗಂಡನಿಗೆ ತಿರುಗಿಸ್ತಿದ್ದಾಳೆ ಅಂತ ಅವನಿಗೆ ಅನುಮಾನ ಬಂತಂತೆ. ನಾವಾಗಿದ್ರೆ ಜಗಳಕ್ಕೆ ಹೋಗ್ತಿದ್ವಿ. ಈ ಪುಣ್ಯಾತ್ಮ ಆಪರೇಟರೇ ಬೇಡದ ಯಂತ್ರ ಮಾಡ್ದ! 1891ರಲ್ಲಿ ಪೇಟೆಂಟ್, 1892ರಲ್ಲಿ ಇಂಡಿಯಾನಾದ ಲಾ ಪೋರ್ಟ್ ಊರಲ್ಲಿ ಎಕ್ಸ್‌ಚೇಂಜ್ ಶುರು. ಹೊಟ್ಟೆಕಿಚ್ಚಿನಿಂದ ಜಗತ್ತಿಗೆ ಇಷ್ಟು ಉಪಕಾರ ಆಗಿದ್ದು ಅದೊಂದೇ ಸಲ ಇರಬೇಕು. ಅವನಿಗೆ ಪೇಟೆಂಟ್ ಕೊಡ್ಲಿ, ನೂರು ಕೊಡ್ಲಿ.

ಈಗ ಬನ್ನಿ "ಒಂದು ಒತ್ತಿ"ಗೆ. ಗುಂಡಿ ಒತ್ತೋ ಫೋನನ್ನ ಬೆಲ್ ಕಂಪನಿ 1963ರಲ್ಲೇ ಮಾರುಕಟ್ಟೆಗೆ ಬಿಟ್ಟಿತ್ತು. ಕಂಪ್ಯೂಟರೂ ಇತ್ತು. ಆಮೇಲೆ ರೊನಾಲ್ಡ್ ಕಾಟ್ಜ್ ಅನ್ನೋರು ಬಂದ್ರು. ಗುಂಡಿ ಒತ್ತಿ ಕಂಪ್ಯೂಟರ್ ಜೊತೆ ವ್ಯವಹಾರ ಮಾಡೋ ವ್ಯವಸ್ಥೆಗಳ ಮೇಲೆ ಐವತ್ತಕ್ಕೂ ಹೆಚ್ಚು ಪೇಟೆಂಟ್! ಮೊದಲು ಅವರೂ ಕಂಪನಿ ಕಟ್ಟಿ ನಡೆಸಿದವರೇ, ಇಲ್ಲ ಅನ್ನಲ್ಲ. ಆಮೇಲಿನ ಕಸುಬು ಮಾತ್ರ ಲೈಸೆನ್ಸ್ ವಸೂಲಿ. ಕಾಲ್ ಸೆಂಟರ್ ಇಟ್ಕೊಂಡ ಎಷ್ಟೋ ದೊಡ್ಡ ದೊಡ್ಡ ಕಂಪನಿಗಳು ದುಡ್ಡು ಕಟ್ಟಿದ್ವು. ಕಟ್ಟದವರ ಮೇಲೆ ಕೇಸು. 2011ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು ಅದರಲ್ಲಿ ಹಲವು ಹಕ್ಕುಗಳು ಊರ್ಜಿತವಲ್ಲ ಅನ್ನೋ ತೀರ್ಪನ್ನ ಎತ್ತಿಹಿಡೀತು. ಅಷ್ಟು ಹೊತ್ತಿಗೆ ವಸೂಲಿ ಆಗಿತ್ತು ಬಿಡಿ.

ಬೇಲಿ ಹಾಕೋದು ಬೇರೆ, ಉಳೋದು ಬೇರೆ. ಇದನ್ನ ಟೀಶರ್ಟ್ ಮೇಲೆ ಹಾಕಿಸಿದ್ದೀನಿ, ಲಿಂಕ್ ಕೆಳಗಿದೆ. ಎಕ್ಸ್‌ಎಲ್ ಸೈಜ್ ಖಾಲಿ.

"ಬೇಲಿ ಇಲ್ಲದೆ ಯಾರೂ ಏನೂ ಮಾಡಲ್ಲ" ಅಂತೀರಲ್ಲ, ಕಿತ್ತೂರಿಗೆ ಹೋಗಿದ್ದೀರಾ? ಹೌದು ಸ್ವಾಮಿ, ಚೆನ್ನಮ್ಮನ ಕಿತ್ತೂರು. 1984ರಲ್ಲಿ ಶುರುವಾದ, ಟೆಲಿಫೋನ್ ತಂತ್ರಜ್ಞಾನ ಮಾಡೋ ಸರ್ಕಾರಿ ಸಂಸ್ಥೆ ಸಿ-ಡಾಟ್ ತನ್ನ ಮೊದಲ ಹಳ್ಳಿ ಎಕ್ಸ್‌ಚೇಂಜ್ ಇಟ್ಟಿದ್ದು ಅಲ್ಲೇ, 1986ರಲ್ಲಿ. 128 ಲೈನಿನ ಪೆಟ್ಟಿಗೆ. ಹೊರದೇಶದ ಎಕ್ಸ್‌ಚೇಂಜಿಗೆ ಏಸಿ ಬೇಕಿತ್ತು. ನಮ್ಮ ಹಳ್ಳಿಯಲ್ಲಿ ಏಸಿ ಬಿಡಿ, ಕರೆಂಟೇ ಅಳಿಯನ ಥರ, ಬಂದಾಗ ಬಂತು. ಏಸಿ ಇಲ್ಲದೆ, ಧೂಳು ಬಿಸಿಲು ತಡ್ಕೊಂಡು ನಡೆಯೋ ಹಾಗೆ ಅದನ್ನ ಮಾಡಿದ್ರು. ಮಾಡಿ ಬೀಗ ಹಾಕಿದ್ರಾ? ಹತ್ತಾರು ಕಾರ್ಖಾನೆಗಳಿಗೆ ತಂತ್ರಜ್ಞಾನ ಹಂಚಿದ್ರು, ಸರ್ಕಾರಿ, ಖಾಸಗಿ ಎರಡಕ್ಕೂ. ಹಳದಿ ಬೋರ್ಡಿನ ಎಸ್‌ಟಿಡಿ ಬೂತಿನಲ್ಲಿ ಮೀಟರ್ ನೋಡ್ತಾ ಎದೆ ಹೊಡ್ಕೊಂಡವರು ಕೈ ಎತ್ತಿ. ನಾನಂತೂ ಎತ್ತಿದ್ದೀನಿ, ಆಡಿಯೋದಲ್ಲಿ ಕಾಣಲ್ಲ.

ಇನ್ನು ಜೀನು. ಇಲ್ಲಿ ನನಗೆ ನಿಜವಾಗ್ಲೂ ಮೈ ಉರಿಯುತ್ತೆ.

ಸ್ತನ ಕ್ಯಾನ್ಸರ್ ಮನೆತನದಲ್ಲಿ ಹರಿದುಬರೋದಕ್ಕೆ 17ನೇ ಕ್ರೋಮೋಸೋಮಿನಲ್ಲಿ ಒಂದು ಜೀನ್ ಕಾರಣ ಅಂತ 1990ರಲ್ಲಿ ತೋರಿಸಿದವರು ಅಮೆರಿಕದ ವಿಜ್ಞಾನಿ ಮೇರಿ-ಕ್ಲೇರ್ ಕಿಂಗ್. ವರ್ಷಗಟ್ಟಲೆ ಕೆಲಸ. ಅಲ್ಲಿಂದ ಓಟ ಶುರುವಾಯ್ತು. 1994ರಲ್ಲಿ ಆ ಬಿಆರ್‌ಸಿಎ1 ಜೀನನ್ನ ಪೂರ್ತಿ ಹಿಡಿದಿದ್ದು ಅಮೆರಿಕದ ಯೂಟಾ ರಾಜ್ಯದ ತಂಡ, ಮಿರಿಯಡ್ ಜೆನೆಟಿಕ್ಸ್ ಅನ್ನೋ ಕಂಪನಿ ಅದರಲ್ಲಿತ್ತು. ಹಿಡಿದ ಕೂಡಲೇ ಪೇಟೆಂಟ್. ಟೆಸ್ಟ್ ಮಾಡೋ ಯಂತ್ರಕ್ಕಲ್ಲ, ಸ್ವಾಮಿ. ಜೀನಿಗೇ! ನಮ್ಮ ದೊಡ್ಡಮ್ಮನ ಮೈಯೊಳಗೆ, ಅವರ ಅಜ್ಜಿಯ ಮೈಯೊಳಗೆ ಇದ್ದಿದ್ದನ್ನ ಹೊರಗೆ ತೆಗೆದು ನೋಡಿದ್ರೆ ಅದು ಕಂಪನಿಯ ಸೊತ್ತು! ಬೇರೆ ಲ್ಯಾಬುಗಳು ಟೆಸ್ಟ್ ಮಾಡಿದ್ರೆ ನೋಟಿಸ್. ಟೆಸ್ಟಿನ ಬೆಲೆ 3,000 ಡಾಲರ್ ದಾಟ್ತು. ಫಲಿತಾಂಶದ ಮೇಲೆ ಅನುಮಾನ ಬಂದ್ರೆ ಇನ್ನೊಂದು ಲ್ಯಾಬಿಗೆ ಹೋಗೋಣ ಅಂದ್ರೆ ಇನ್ನೊಂದು ಲ್ಯಾಬೇ ಇಲ್ಲ.

ಕೇಸ್ ನಡೀತು. 2013ರ ಜೂನ್ 13ರಂದು ಅಮೆರಿಕದ ಸುಪ್ರೀಂ ಕೋರ್ಟು, ಒಂಬತ್ತಕ್ಕೆ ಒಂಬತ್ತು ನ್ಯಾಯಮೂರ್ತಿಗಳು ಸೇರಿ ಹೇಳಿದ್ದು: ಪ್ರಕೃತಿಯಲ್ಲಿರೋ ಡಿಎನ್‌ಎಯನ್ನ ಬಿಡಿಸಿ ತೆಗೆದ ಮಾತ್ರಕ್ಕೆ ಪೇಟೆಂಟ್ ಇಲ್ಲ. ಅದೇ ದಿನ ಬೇರೆ ಲ್ಯಾಬುಗಳು ನಾವೂ ಮಾಡ್ತೀವಿ, ಕಡಿಮೆ ಬೆಲೆಗೆ ಮಾಡ್ತೀವಿ ಅಂದ್ವು. ಅದೇ ದಿನ! ಅಂದ್ರೆ ಮಾಡೋಕೆ ಬರ್ತಿತ್ತು. ಬೇಲಿ ಇತ್ತು, ಅಷ್ಟೇ. ಬೇಲಿ ಹಾಕೋದು ಬೇರೆ, ಉಳೋದು ಬೇರೆ!

ನಮ್ಮಲ್ಲಿ 1970ರ ಪೇಟೆಂಟ್ ಕಾಯ್ದೆಯ ಮೂರನೇ ಸೆಕ್ಷನ್ ಓದಿ. ಪ್ರಕೃತಿಯಲ್ಲಿ ಸಿಕ್ಕಿದ್ದು ಆವಿಷ್ಕಾರ ಅಲ್ಲ. ವ್ಯಾಪಾರದ ವಿಧಾನ ಆವಿಷ್ಕಾರ ಅಲ್ಲ. ಒಂದೇ ಸೆಕ್ಷನ್ನಲ್ಲಿ ನನ್ನ ಇಡೀ ಸಂಚಿಕೆ ಮುಗಿದುಹೋಯ್ತು, ನಾನು ಸುಮ್ನೆ ಮೈಕ್ ತಗೊಂಡೆ.

ಗೊತ್ತು, ಈಗ ಒಬ್ಬರು ಬರ್ತಾರೆ. "ಸರ್, ಹಾಗಾದ್ರೆ ಡೆನಿಸ್ ಲೋ ಕಥೆ ಏನು?" ಅಂತ. ಬಸುರಿಯ ರಕ್ತದ ಪ್ಲಾಸ್ಮಾದಲ್ಲಿ, ಬೇರೆಯವರು ಚೆಲ್ಲೋ ನೀರಿನಂಥ ಭಾಗದಲ್ಲಿ, ಮಗುವಿನ ಡಿಎನ್‌ಎ ತೇಲ್ತಿರುತ್ತೆ ಅಂತ 1997ರಲ್ಲಿ ತೋರಿಸಿದ ವಿಜ್ಞಾನಿ ಅವರು. ಹೊಟ್ಟೆಗೆ ಸೂಜಿ ಚುಚ್ಚೋ ಬದಲು ತಾಯಿಯ ತೋಳಿನ ರಕ್ತದಲ್ಲೇ ಮಗುವಿನ ಡೌನ್ ಸಿಂಡ್ರೋಮ್ ಸುಳಿವು ನೋಡೋ ಪರೀಕ್ಷೆ ಬಂದಿದ್ದು ಅದರಿಂದಲೇ. ಆ ಪೇಟೆಂಟನ್ನೂ ಅಮೆರಿಕದ ಕೋರ್ಟು 2015ರಲ್ಲಿ ಬೀಳಿಸ್ತು, ಮಿರಿಯಡ್ ತೀರ್ಪಿನ ಜಾಡಿನಲ್ಲೇ. ಹೌದು, ಆ ಮನುಷ್ಯ ಉತ್ತಿದ್ರು. ಚೆನ್ನಾಗೇ ಉತ್ತಿದ್ರು. ಇದು ಸ್ವಲ್ಪ... ಆಯ್ತು, ಇದು ನನ್ನ ವಾದಕ್ಕೆ ಚುಚ್ಚುತ್ತೆ. ಮುಂದೆ ಹೋಗೋಣ.

ಮುಂದೆ ಏನಂದ್ರೆ, ಪೇಟೆಂಟ್ ದುಡ್ಡು ಉತ್ತವನಿಗೇ ಹೋಗುತ್ತೆ ಅನ್ನೋ ಭ್ರಮೆ. ಇವತ್ತಿನ ಜೀನ್ ಟೆಸ್ಟುಗಳಿಗೆ ಬೆನ್ನೆಲುಬಾದ ಪಿಸಿಆರ್, ಅಂದ್ರೆ ಚೂರು ಡಿಎನ್‌ಎಯನ್ನ ಕೋಟಿಗಟ್ಟಲೆ ನಕಲು ಮಾಡೋ ವಿಧಾನ, ಕ್ಯಾರಿ ಮುಲ್ಲಿಸ್ ಅನ್ನೋ ವಿಜ್ಞಾನಿಯ ತಲೆಗೆ ಹೊಳೆದಿದ್ದು 1983ರಲ್ಲಿ, ರಾತ್ರಿ ಕಾರ್ ಓಡಿಸ್ತಾ. ಅವರು ಕೆಲಸ ಮಾಡ್ತಿದ್ದ ಕಂಪನಿ ಕೊಟ್ಟ ಬೋನಸ್ 10,000 ಡಾಲರ್. ಆಮೇಲೆ ಆ ಹಕ್ಕು ರೋಶ್ ಕಂಪನಿಗೆ ಮಾರಾಟವಾಗಿದ್ದು 30 ಕೋಟಿ ಡಾಲರಿಗೆ. ಇನ್ನೇನು ಹೇಳ್ಲಿ ಬುಲೆಟ್ ಅಣ್ಣಾ? ನೊಬೆಲ್ ಬಂತು ಅಂತೀರಾ? ಬಂತು, 1993ರಲ್ಲಿ. ನೊಬೆಲ್ ಇಟ್ಕೊಂಡು ಸೈಟ್ ತಗೊಳ್ಳೋಕಾಗುತ್ತಾ?

ನನ್ನ ಹತ್ರ ಇನ್ನೂ ಎರಡು ಪುಟ ಸ್ಕ್ರಿಪ್ಟ್ ಇದೆ. ಓದಲ್ಲ. ಓದಿದ್ರೂ ಅದೇ ಮಾತು. ಬೇಲಿ, ಬೇಲಿ, ಬೇಲಿ! "ಆದರೆ ಸಂಶೋಧನೆಗೆ ಬಂಡವಾಳ" ಅಂದ್ರೆ ಬೇಲಿ! "ಆದರೆ ಹೂಡಿಕೆದಾರರು" ಅಂದ್ರೆ ಬೇಲಿ! ನಿಮ್ಮ ಬಂಡವಾಳದ ಕಥೆಯನ್ನ ಆ ಕೊಳಲು ನುಡಿಸೋ ಯಂತ್ರಕ್ಕೆ ಹೇಳಿ, ಕನ್ನಡಕ್ಕೆ ನಾಲ್ಕು ಒತ್ತಿ ಹೇಳಿ.

ಸರಿ. ಮುಂದಿನ ಭಾನುವಾರ ಮೀಟರ್ ಬಡ್ಡಿ ಬಗ್ಗೆ. ಸದಸ್ಯರಾದವರಿಗೆ ಒಂದು ದಿನ ಮುಂಚೆ ಸಿಗುತ್ತೆ. ಹೌದು, ಅದೂ ಬೇಲಿನೇ, ನಗಬೇಡಿ, ನಾನು ಉತ್ತಿದ್ದೀನಿ. ಚಿಕ್ಕಮ್ಮನ ರಿಪೋರ್ಟ್ ಬಂದ್ರೆ ಹೇಳ್ತೀನಿ. ಯುಪಿಎಸ್ ಕೂಗ್ತಾ ಇದೆ, ಕರೆಂಟ್ ಹೋಯ್ತು ಅನ್ಸುತ್ತೆ.