ಹೊರುವುದು ಕಂಬ, ಗೋಡೆಯಲ್ಲ

ಕೇಳುಗರಿಗೆಲ್ಲ ನಮಸ್ಕಾರ.

ಹಳೆಯ ಕಟ್ಟಡವೊಂದರ ಬಗ್ಗೆ ಮಾತಾಡಿ ಎಂದು ಆಕಾಶವಾಣಿಯವರು ಕರೆದಾಗ, ನಾನು ನಮ್ಮ ರಾಯಚೂರಿನ ಕೋಟೆಯ ಬಗ್ಗೆಯೋ ಹಂಪಿಯ ಬಗ್ಗೆಯೋ ಹೇಳುತ್ತೇನೆ ಎಂದು ಅವರು ಅಂದುಕೊಂಡಿದ್ದಿರಬೇಕು. ನಾನು ಆರಿಸಿಕೊಂಡದ್ದು ಪ್ಯಾರಿಸ್ ನಗರದ ಒಂದು ಅಪಾರ್ಟ್‌ಮೆಂಟು. ಫ್ರಾಂಕ್ಲಿನ್ ಬೀದಿ, ಮನೆ ನಂಬರು 25 ಬಿಸ್, ಅಂದರೆ ನಮ್ಮಲ್ಲಿ 25/ಎ ಅನ್ನುವ ಹಾಗೆ. 1903ರಲ್ಲಿ ಕೆಲಸ ಶುರುವಾಗಿ 1904ರಲ್ಲಿ ಮುಗಿಯಿತು.

ರಾಯಚೂರಿಗೂ ಪ್ಯಾರಿಸ್ಸಿಗೂ ಎಲ್ಲಿಯ ಸಂಬಂಧ ಅನ್ನಬೇಡಿ. ಲಿಂಗಸೂಗೂರು ರಸ್ತೆ, ಮಂತ್ರಾಲಯ ರಸ್ತೆ, ಹೈದರಾಬಾದ್ ರಸ್ತೆ, ಎತ್ತ ಹೋದರೂ ಇವತ್ತು ಏಳುತ್ತಿರುವ ಮನೆಗಳು ಆ ಮನೆಯ ವಂಶದವೇ. ಮೊದಲು ಕಾಲಂ ಏಳುತ್ತವೆ, ಆಮೇಲೆ ಬೀಮು, ಸ್ಲ್ಯಾಬು. ಗೋಡೆ ಬರುವುದು ಕೊನೆಗೆ. ಈ ಕ್ರಮ ನಮಗೆ ಎಷ್ಟು ರೂಢಿಯಾಗಿದೆ ಎಂದರೆ, ಇದನ್ನು ಯಾರೋ ಒಮ್ಮೆ ಧೈರ್ಯ ಮಾಡಿ ಮೊದಲಿಗೆ ತೋರಿಸಬೇಕಾಯಿತು ಎಂಬುದೇ ಮರೆತಿದೆ. ಫ್ರಾಂಕ್ಲಿನ್ ಬೀದಿಯ ಮನೆ ವಾಸದ ಮನೆಗಳ ಲೋಕಕ್ಕೆ ತೋರಿಸಿಕೊಟ್ಟ ಸಂಗತಿ ಒಂದೇ. ನಾನು ಇವತ್ತು ಹೇಳುವುದೂ ಅದೊಂದನ್ನೇ. ಭಾರ ಹೊರುವುದು ಕಂಬ, ಗೋಡೆಯಲ್ಲ.

ಮೊದಲು ಹೇಗಿತ್ತು ಎಂದು ತಿಳಿಯಲು ನಮ್ಮ ಕೋಟೆಯೇ ಸಾಕು. 1294ರಲ್ಲಿ ಕಟ್ಟಿಸಿದ ಕೋಟೆ. ಗೋಡೆಯಲ್ಲಿ ಶಾಸನವಿರುವ ಒಂದು ಕಲ್ಲಿದೆ, ಉದ್ದ 41 ಅಡಿಗೂ ಹೆಚ್ಚು. ಅಂಥ ಕಲ್ಲನ್ನು ಬಂಡಿಗೆ ಹೇರಿ ಎಳೆದು ತಂದ ಚಿತ್ರವನ್ನೂ ಅಲ್ಲಿ ಕೆತ್ತಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಕಲ್ಲಿನ ಮೇಲೆ ಕಲ್ಲು, ನಡುವೆ ಗಾರೆಯಿಲ್ಲ, ತೂಕವೇ ಬಿಗಿ. ಅಲ್ಲಿ ಗೋಡೆಯೇ ಹೊರುತ್ತದೆ. ಗೋಡೆ ಹೊರಬೇಕಾದರೆ ಅದು ದಪ್ಪಗಿರಬೇಕು, ಎತ್ತರ ಹೋದಷ್ಟೂ ಬುಡ ಇನ್ನೂ ದಪ್ಪವಾಗಬೇಕು, ಅದರಲ್ಲಿ ದೊಡ್ಡ ಕಿಂಡಿ ಬಿಡಬಾರದು. ಕೋಟೆಗೆ ಅದು ಸರಿ. ಮನೆಗೆ? ಹಳೆಯ ಪ್ಯಾರಿಸ್ಸಿನ ಕಲ್ಲಿನ ಮನೆಗಳೂ ಇದೇ ಲೆಕ್ಕದವು. ಆರು ಅಂತಸ್ತಿನ ಭಾರ ಗೋಡೆಯ ಮೇಲೆ. ಕೆಳಗಿನ ಗೋಡೆ ಎಲ್ಲಿದೆಯೋ ಮೇಲಿನ ಗೋಡೆಯೂ ಅಲ್ಲೇ ಬರಬೇಕು. ಕೋಣೆ ಬದಲಿಸುವಂತಿಲ್ಲ, ಕಿಟಕಿ ಅಗಲ ಮಾಡುವಂತಿಲ್ಲ.

ಕಂಬದ ವಿಷಯ ನಮ್ಮವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಹಂಪಿಯ ವಿಠ್ಠಲ ಗುಡಿಯ ಮಂಟಪ ನೋಡಿ, ಸುತ್ತ ತೆರೆದದ್ದು, ಚಾವಣಿಯೆಲ್ಲ ಕಂಬದ ಮೇಲೆ. ನಮ್ಮ ಹಳ್ಳಿಯ ಜಂತಿ ಮನೆಯ ಪಡಸಾಲೆಯಲ್ಲೂ ಮರದ ಕಂಬ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಆದರೆ ಕಲ್ಲಿನ ತೊಲೆಗೆ ಒಂದು ದೌರ್ಬಲ್ಯವಿದೆ. ತೊಲೆಯ ಮೇಲೆ ಭಾರ ಬಿದ್ದಾಗ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗಿ ಜಗ್ಗುತ್ತದೆ. ಕಲ್ಲು ಒತ್ತಡ ತಡೆಯುತ್ತದೆ, ಜಗ್ಗಾಟ ತಡೆಯುವುದಿಲ್ಲ, ಕೆಳಗಿನಿಂದ ಬಿರಿಯುತ್ತದೆ. ಅದಕ್ಕೇ ಹಂಪಿಯ ಮಂಟಪಗಳಲ್ಲಿ ಕಂಬಗಳು ಅಷ್ಟು ಹತ್ತಿರ ಹತ್ತಿರ ನಿಂತಿವೆ. ಮರ ಜಗ್ಗಾಟ ತಡೆಯುತ್ತದೆ, ಆದರೆ ಗೆದ್ದಲಿಗೆ, ಬೆಂಕಿಗೆ ಸೋಲುತ್ತದೆ.

ಕಾಂಕ್ರೀಟೂ ಕಲ್ಲಿನ ಜಾತಿಯೇ. ಒತ್ತಿದರೆ ಗಟ್ಟಿ, ಜಗ್ಗಿದರೆ ಬಿರಿಯುತ್ತದೆ. ಜಗ್ಗುವ ಜಾಗದಲ್ಲಿ ಕಬ್ಬಿಣದ ಸರಳು ಇಟ್ಟರೆ ಆ ಕೊರತೆ ತುಂಬುತ್ತದೆ. ಫ್ರಾನ್ಸಿನಲ್ಲಿ ಮೋನಿಯೇ ಎಂಬ ತೋಟಗಾರ 1867ರಲ್ಲಿ ಕಬ್ಬಿಣದ ಬಲೆ ಹುದುಗಿಸಿದ ಸಿಮೆಂಟಿನ ಹೂವಿನ ಕುಂಡಕ್ಕೆ ಪೇಟೆಂಟ್ ಪಡೆದ. 1892ರಲ್ಲಿ ಹೆನ್ನೆಬಿಕ್ ಎಂಬ ಗುತ್ತಿಗೆದಾರ ಕಂಬ, ಬೀಮು, ಸ್ಲ್ಯಾಬು ಮೂರನ್ನೂ ಒಂದೇ ಮೈಯಾಗಿ ಎರೆಯುವ ಪದ್ಧತಿಗೆ ಪೇಟೆಂಟ್ ಪಡೆದ. ಇನ್ನೊಂದು ಅದೃಷ್ಟದ ಸಂಗತಿ. ಬಿಸಿಲಿಗೆ ಕಬ್ಬಿಣವೂ ಕಾಂಕ್ರೀಟೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಇಲ್ಲದಿದ್ದರೆ ನಮ್ಮ ರಾಯಚೂರಿನ ಮೇ ತಿಂಗಳಲ್ಲಿ ಒಂದು ಸ್ಲ್ಯಾಬೂ ಉಳಿಯುತ್ತಿರಲಿಲ್ಲ.

ಹೀಗೆ ಸಾಮಗ್ರಿ ಸಿದ್ಧವಿತ್ತು. ಆದರೆ ಗಿರಣಿಗೆ, ಗೋದಾಮಿಗೆ ಮಾತ್ರ ಸರಿ ಎಂದು ಜನ ನಂಬಿದ್ದರು. ಅನುಕೂಲಸ್ಥರು ವಾಸಿಸುವ ಮನೆಯ ಮುಖಕ್ಕೇ ಅದನ್ನು ತಂದು, ನೋಡಿ ಹೊರುತ್ತಿರುವುದು ಇದು ಎಂದು ತೋರಿಸಿದ ಧೈರ್ಯಸ್ಥ ಓಗುಸ್ತ್ ಪೆರೆ ಎಂಬ ವಾಸ್ತುಶಿಲ್ಪಿ.

ಪೆರೆ ಹುಟ್ಟಿದ್ದು 1874ರಲ್ಲಿ, ಬೆಲ್ಜಿಯಂನಲ್ಲಿ. ಅಪ್ಪ ಕಲ್ಲುಕುಟಿಗ. 1871ರ ಪ್ಯಾರಿಸ್ ಕಮ್ಯೂನ್ ದಂಗೆಯಲ್ಲಿದ್ದವರು, ದೇಶ ಬಿಟ್ಟು ಹೋಗಬೇಕಾಯಿತು. ಮುಂದೆ ಮರಳಿ ಬಂದು ಪ್ಯಾರಿಸ್ಸಿನಲ್ಲಿ ಗುತ್ತಿಗೆ ಕೆಲಸ ಹಿಡಿದರು. ಓಗುಸ್ತ್ ದೊಡ್ಡ ಕಲಾಶಾಲೆ ಸೇರಿ ಚೆನ್ನಾಗಿಯೇ ಓದಿದ, ಡಿಪ್ಲೊಮಾ ಪಡೆಯದೆ ಹೊರಗೆ ಬಂದು ತಮ್ಮ ಗುಸ್ತಾವ್ ಜೊತೆ ಅಪ್ಪನ ಕಸುಬಿಗೆ ಕೈ ಹಚ್ಚಿದ. ಕಲ್ಲಿನ ಮನೆತನದ ಮಗ ಕಲ್ಲಿನ ಗೋಡೆಯನ್ನು ಕೆಲಸದಿಂದ ಬಿಡಿಸಿದ.

ಈಗ ಆ ಪ್ಲಾಟಿನ ಕಥೆ ಹೇಳಬೇಕು. ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತಿದ್ದ ಕಥೆ ಇದು. ಫ್ರಾಂಕ್ಲಿನ್ ಬೀದಿ ಇರುವುದು ದಿಬ್ಬದ ಮೇಲೆ, ಎದುರಿಗೆ ಇಳಿಜಾರು, ಸೆನ್ ನದಿಯ ಕಣಿವೆ, ಐಫೆಲ್ ಗೋಪುರ. ನೋಟಕ್ಕೆ ಏನೂ ಕೊರತೆಯಿಲ್ಲ. ಪ್ಲಾಟು ಮಾತ್ರ ಇಕ್ಕಟ್ಟು. ಬೀದಿಯ ಉದ್ದಕ್ಕೆ ಒಂದಿಷ್ಟು ಅಗಲ, ಒಳಗೆ ಆಳವೇ ಇಲ್ಲ. ಎರಡೂ ಪಕ್ಕ ಬೇರೆಯವರ ಕಟ್ಟಡ, ಹಿಂದೆ ಬೇರೆಯವರ ಜಾಗ. ನಮ್ಮ ಊರಲ್ಲಿ 20 ಅಡಿ ಸೈಟು ಹಿಡಿದುಕೊಂಡು ಕೂತವರಿಗೆ ಈ ಸಂಕಟ ಹೇಳಿ ತಿಳಿಸಬೇಕಿಲ್ಲ. ಅಲ್ಲಿನ ಕಾಯಿದೆ ಗಾಳಿ ಬೆಳಕಿಗೆಂದು ಅಂಗಳ ಬಿಡಬೇಕು ಅನ್ನುತ್ತಿತ್ತು. ಎಲ್ಲರೂ ಅಂಗಳ ಬಿಡುತ್ತಿದ್ದದ್ದು ಹಿತ್ತಲಲ್ಲಿ. ಈ ಪ್ಲಾಟಿನಲ್ಲಿ ಹಿತ್ತಲಿಗೆ ಜಾಗ ಬಿಟ್ಟರೆ ಮನೆಗೆ ಉಳಿಯುವುದು ಒಂದು ಓಣಿಯಷ್ಟು.

ಪೆರೆ ಏನು ಮಾಡಿದ? ಅಂಗಳವನ್ನು ತಂದು ಮುಂದೆ ಇಟ್ಟ. ಕಟ್ಟಡದ ಮುಖವನ್ನೇ ನಡುವೆ ಒಳಕ್ಕೆ ಮಡಿಸಿದ. ಎರಡು ಕಡೆ ಮುಂದೆ ಚಾಚಿದ ರೆಕ್ಕೆ, ನಡುವೆ ತೆರಪು. ಆ ತೆರಪೇ ಅಂಗಳ, ಅದು ಬೀದಿಯೊಂದಿಗೆ ಕೂಡಿಕೊಂಡಿದೆ. ಒಂದು ಅಂತಸ್ತಿಗೆ ಒಂದೇ ಮನೆ. ನಡುವೆ ದೊಡ್ಡ ಕೂಡುಕೋಣೆ, ಒಂದು ಪಕ್ಕ ಊಟದ ಕೋಣೆ, ಇನ್ನೊಂದು ಪಕ್ಕ ಮಲಗುವ ಕೋಣೆ. ಮುಖ್ಯ ಕೋಣೆಗಳೆಲ್ಲ ಬೀದಿಗೆ ಮುಖ ಮಾಡಿವೆ, ಎಲ್ಲಕ್ಕೂ ದೊಡ್ಡ ಕಿಟಕಿ. ಗೋಡೆಗೆ ಹೊರುವ ಕೆಲಸ ಇದ್ದಿದ್ದರೆ ಮುಖವನ್ನು ಹೀಗೆ ಮಡಿಸಿ ಅಷ್ಟೊಂದು ಕಿಟಕಿ ಕೊರೆಯಲು ಆಗುತ್ತಿತ್ತೇ? ಅಲ್ಲಿ ನೆಲದಿಂದ ಮಾಳಿಗೆಯವರೆಗೆ ತೆಳ್ಳಗಿನ ಕಾಂಕ್ರೀಟ್ ಕಂಬಗಳು ಹೊತ್ತುಕೊಂಡು ನಿಂತಿವೆ. ಮದುವೆ ಹಂದರದಲ್ಲಿ ಗಳ ಹೊರುತ್ತದೆ, ಸುತ್ತ ಕಟ್ಟಿದ ಬಟ್ಟೆ ಬರೀ ಮರೆ. ಅಷ್ಟೇ ಲೆಕ್ಕ.

ಹಿಂದುಗಡೆಯ ಜಾಣತನ ಇನ್ನೂ ಚೆಂದ. ಮೆಟ್ಟಿಲು, ಅಡುಗೆಮನೆ, ಬಚ್ಚಲು ಎಲ್ಲ ಹಿಂದೆ. ಮೆಟ್ಟಿಲಿಗೆ ಬೆಳಕು ಬೇಕು, ಆದರೆ ನೆರೆಯವರ ಕಡೆಗೆ ಕಿಟಕಿ ತೆರೆಯುವಂತಿಲ್ಲ. ಪೆರೆ ಅಲ್ಲಿ ಗಾಜಿನ ಇಟ್ಟಿಗೆ ಕಟ್ಟಿಸಿದ. ಆರು ಮೂಲೆಯ, ಜೇನುಗೂಡಿನ ಕಣ್ಣಿನ ಆಕಾರದ ಗಾಜಿನ ಇಟ್ಟಿಗೆಗಳು. ಆಚೆಯವರಿಗೆ ಒಳಗಿನದು ಕಾಣುವುದಿಲ್ಲ, ಬೆಳಕು ಮಾತ್ರ ಹಗಲೆಲ್ಲ ಒಳಗೆ. ಗಾಜಿನಿಂದ ಗೋಡೆ ಕಟ್ಟಿದರೂ ಮನೆ ಬೀಳಲಿಲ್ಲ, ಏಕೆಂದರೆ ಆ ಗೋಡೆ ಏನನ್ನೂ ಹೊತ್ತಿರಲಿಲ್ಲ.

ಪೆರೆ ಕುಟುಂಬ ಸ್ವಂತ ದುಡ್ಡು ಹಾಕಿ ಕಟ್ಟಿಸಿದ್ದು ಇದು. ನೆಲ ಅಂತಸ್ತಿನಲ್ಲಿ ಅವರದೇ ಕಚೇರಿ, ಮೇಲೆ ಅವರದೇ ವಾಸ. ಆ ಕಚೇರಿಯ ಮುಂಭಾಗ ಬಹುಪಾಲು ಗಾಜು, ನಡುನಡುವೆ ಸಪೂರ ಕಂಬ. ಅಷ್ಟು ಅಂತಸ್ತಿನ ಕಟ್ಟಡದ ಬುಡದಲ್ಲಿ ದಪ್ಪ ಕಲ್ಲು ಇರಬೇಕಾದ ಕಡೆ ಗಾಜು. ಇದನ್ನು ನೋಡಿದ ತಜ್ಞರು, ಈ ಕಟ್ಟಡ ಬಾಳುವುದಿಲ್ಲ, ಬೇಗ ಕುಸಿಯುತ್ತದೆ ಎಂದು ಹೇಳಿದರೆಂದೂ, ಅದನ್ನು ಅಡವಿಟ್ಟು ಸಾಲ ಕೊಡಲು ಬ್ಯಾಂಕುಗಳು ಒಪ್ಪಲಿಲ್ಲವೆಂದೂ ವಾಸ್ತುಶಿಲ್ಪದ ಇತಿಹಾಸಕಾರರು ಬರೆದಿದ್ದಾರೆ. ತಜ್ಞರ ಕಣ್ಣು ಗೋಡೆಯನ್ನು ಹುಡುಕುತ್ತಿತ್ತು, ಕಂಬವನ್ನು ನೋಡಲೇ ಇಲ್ಲ. ಕಟ್ಟಡ ಇವತ್ತಿಗೂ ಗಟ್ಟಿಯಾಗಿ ನಿಂತಿದೆ, 120 ವರ್ಷ ದಾಟಿತು.

ಹೊರಗಿನ ಅಂದದ ಬಗ್ಗೆ ಎರಡು ಮಾತು. ಪೆರೆ ಕಾಂಕ್ರೀಟನ್ನು ಬೆತ್ತಲೆ ಬಿಡಲಿಲ್ಲ, ಮಳೆನೀರಿನಿಂದ ಕಾಯಬೇಕೆಂದು ಅಲೆಕ್ಸಾಂದ್ರ್ ಬಿಗೋ ಎಂಬ ಕುಶಲಿಯ ಸುಟ್ಟ ಮಣ್ಣಿನ ಬಿಲ್ಲೆ ಹೊದಿಸಿದ. ಆದರೆ ಹೊದಿಸಿದ ರೀತಿ ನೋಡಿ. ಕಂಬಕ್ಕೂ ಬೀಮಿಗೂ ಸಾದಾ ನುಣುಪು ಬಿಲ್ಲೆ. ನಡುವಿನ ಗೋಡೆಯ ತುಂಡುಗಳಿಗೆ ಎಲೆ ಬಳ್ಳಿಯ ಉಬ್ಬು ಕೆಲಸ. ಬೀದಿಯಲ್ಲಿ ನಿಂತವನಿಗೆ ಯಾವುದು ಹೊರುತ್ತಿದೆ, ಯಾವುದು ಬರೀ ಮುಚ್ಚಿದೆ ಎಂಬುದು ಕಣ್ಣಿಗೇ ತಿಳಿಯುತ್ತದೆ. ಕಟ್ಟಡ ತನ್ನ ಎಲುಬನ್ನು ಮುಚ್ಚಿಡಲಿಲ್ಲ. ಈ ಪ್ರಾಮಾಣಿಕತೆಯೇ ನನಗೆ ಆ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಇಷ್ಟ.

ಸಮಯವಾಗುತ್ತಿದೆ ಎಂದು ಗಾಜಿನಾಚೆಯಿಂದ ಸನ್ನೆ ಮಾಡುತ್ತಿದ್ದಾರೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಪೆರೆಯ ಆ ಕಚೇರಿಗೆ 1908ರಲ್ಲಿ ಸ್ವಿಟ್ಜರ್ಲೆಂಡಿನ ಒಬ್ಬ ಹುಡುಗ ಕೆಲಸಕ್ಕೆ ಸೇರಿದ. ಅವನೇ ಮುಂದೆ ಲೆ ಕಾರ್ಬೂಸಿಯೇ ಎಂಬ ವಾಸ್ತುಶಿಲ್ಪಿಯಾಗಿ ಹೆಸರಾದ. 1914ರಲ್ಲಿ ಅವನು ಬರೆದ ಒಂದು ಚಿತ್ರದಲ್ಲಿ ಮನೆ ಅಂದರೆ ಕಂಬ, ಸ್ಲ್ಯಾಬು, ಮೆಟ್ಟಿಲು, ಅಷ್ಟೇ, ಗೋಡೆಯೇ ಇಲ್ಲ. ನಮ್ಮ ಚಂಡೀಗಢದ ವಿಧಾನಸಭೆ, ಹೈಕೋರ್ಟು, ಸಚಿವಾಲಯ ಅವನ ಕೈಯವು. ಪೆರೆ ಎರಡನೆಯ ಮಹಾಯುದ್ಧದಲ್ಲಿ ನೆಲಸಮವಾದ ಲ ಆವ್ರ್ ಎಂಬ ಬಂದರು ಪಟ್ಟಣವನ್ನು ಮತ್ತೆ ಕಟ್ಟುವ ಕೆಲಸದ ಮುಂದಾಳಾದ. ಯುನೆಸ್ಕೊ 2005ರಲ್ಲಿ ಆ ಪಟ್ಟಣವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ನಮ್ಮ ಮನೆಗಳ ವಿಷಯ. ಸ್ವಲ್ಪ ಖಾರವಾಗಿ ಹೇಳಿದರೆ ಕ್ಷಮಿಸಿ. ಇತ್ತೀಚೆಗೆ ನನಗೆ ಪರಿಚಯದ ಯಜಮಾನರೊಬ್ಬರು ಹೊಸ ಮನೆ ತೋರಿಸಲು ಕರೆದರು. ಅಡುಗೆಮನೆಯಲ್ಲಿ ಮಟಮಟ ಮಧ್ಯಾಹ್ನ ಲೈಟು ಉರಿಯುತ್ತಿತ್ತು. ಉತ್ತರಕ್ಕೆ ಇಡೀ ಗೋಡೆ ಇದೆ, ಕಿಟಕಿ ಗೇಣುದ್ದ. "ಯಾಕ್ರಿ ಯಜಮಾನ್ರ, ಇಷ್ಟು ಸಣ್ಣ ಕಿಟಕಿ?" ಎಂದೆ. "ಗೋಡಿ ಗಟ್ಟಿ ಇರಬೇಕಲ್ರಿ ಸರ, ಮ್ಯಾಲ ಇನ್ನೊಂದು ಅಂತಸ್ತು ಏರಸೋದದ" ಎಂದರು. ಮನೆಯ ನಾಲ್ಕೂ ಕಡೆ ಕಾಲಂ ನಿಂತಿವೆ, ಮೇಲೆ ಬೀಮು ಹಾದಿದೆ. ಆ ಗೋಡೆ ಹೊತ್ತದ್ದೇನು? ತನ್ನ ತೂಕವನ್ನಷ್ಟೇ. ಅದೇ ಯಜಮಾನರು ಮುಂದಿನ ಪಡಸಾಲೆಗೆ ಬಂದವರೇ ಮೂಲೆಯ ಕಂಬಕ್ಕೆ ಕೈಯಿಟ್ಟು, "ಇದೊಂದು ಅಡ್ಡ ಬರ್ತದರಿ, ಕಾರು ತಿರುಗಂಗಿಲ್ಲ. ಅರ್ಧ ಕಡದ್ರ ನಡೀತದೇನ್ರಿ?" ಎಂದರು. ಜೊತೆಗಿದ್ದ ಗೌಂಡಿ ತಲೆ ಅಲ್ಲಾಡಿಸಿದ, ಪುಣ್ಯಕ್ಕೆ ಬೇಡ ಎಂದೇ ಅಲ್ಲಾಡಿಸಿದ. ಗೋಡೆಗೆ ಕಿಟಕಿ ಇಡಲು ಹೆದರಿದವರು ಕಂಬ ಕಡಿಯಲು ಹೆದರಲಿಲ್ಲ!

ಇದನ್ನೇ ನಾನು ಇಷ್ಟು ಹೊತ್ತು ಹೇಳುತ್ತಿರುವುದು. ಕಾಲಂ ಹಾಕಿ ಕಟ್ಟಿದ ಮನೆಯಲ್ಲಿ ಒಳಗೋಡೆ ಸರಿಸಬಹುದು, ಕಿಟಕಿ ದೊಡ್ಡದು ಮಾಡಬಹುದು. ಕಂಬವನ್ನು, ಬೀಮನ್ನು ಮುಟ್ಟಕೂಡದು, ನಲ್ಲಿ ಪೈಪಿಗೆಂದು ತೂತು ಕೊರೆಯುವುದೂ ಬೇಡ. ಅಜ್ಜನ ಕಾಲದ ಕಲ್ಲುಮಣ್ಣಿನ ಮನೆಯಲ್ಲಿ ಲೆಕ್ಕ ತಿರುವುಮುರುವು, ಅಲ್ಲಿ ಗೋಡೆಯೇ ಹೊತ್ತಿರುತ್ತದೆ, ಕೇಳದೆ ಒಂದು ಕಲ್ಲನ್ನೂ ಕೀಳಬೇಡಿ. ಹೊಸ ಮನೆಯ ಗೋಡೆ ಹಗುರವಾದಷ್ಟೂ ಕಂಬಕ್ಕೆ ಒಳ್ಳೆಯದು. ಹಗುರ ಇಟ್ಟಿಗೆ ಯಾವುದಿದೆ ಎಂದು ನಿಮ್ಮ ಎಂಜಿನಿಯರನ್ನು ಕೇಳಿ, ನಮ್ಮ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿಯಿಂದ ಮಾಡಿದ ಇಟ್ಟಿಗೆಯನ್ನೂ ವಿಚಾರಿಸಿ. ಅಡುಗೆಮನೆಗೆ ಉತ್ತರದ ಬೆಳಕು ಕೊಡಿ. ಹಗಲಿನ ಅರ್ಧ ಅಲ್ಲೇ ಕಳೆಯುವ ಹೆಣ್ಣುಮಕ್ಕಳು ಲೈಟು ಹಾಕಿಕೊಂಡು ಯಾಕೆ ದುಡಿಯಬೇಕು?

ಕೊನೆಯದಾಗಿ ಗೌಂಡಿಗಳಿಗೂ ಮನೆ ಕಟ್ಟಿಸುವವರಿಗೂ ಒಂದು ಕೆಲಸ. ಕಂಬದ ಒಳಗಿನ ಸರಳಿಗೆ ನೀರು ತಾಗಿದರೆ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಪೆರೆ ಬಿಲ್ಲೆ ಹೊದಿಸಿ ಕಾಯ್ದ. ನಾವು ಕಾಯಬೇಕಾದದ್ದು ಕವರ್ ಇಟ್ಟು, ಅಂದರೆ ಸರಳಿನ ಹೊರಗೆ ಸಾಕಷ್ಟು ಕಾಂಕ್ರೀಟಿನ ಹೊದಿಕೆ ಇಟ್ಟು. ಕಾಲಮ್ಮಿನಲ್ಲಿ ಸರಳಿಗೂ ಸೆಂಟ್ರಿಂಗ್ ಹಲಗೆಗೂ ನಡುವೆ 40 ಮಿಲಿಮೀಟರ್ ಕವರ್ ಬೇಕು. ಕಲ್ಲಿನ ಚೂರು ಸಿಕ್ಕಿಸಿ ಮುಗಿಸಬೇಡಿ, ಅಳತೆಯ ಸಿಮೆಂಟಿನ ತುಂಡು, ಅಂದರೆ ಕವರ್ ಬ್ಲಾಕ್, ಕಟ್ಟಿ. ಕಾಂಕ್ರೀಟು ಸುರಿಯುವ ದಿನ ಬೆಳಿಗ್ಗೆ, ಪೂಜೆಗೆ ಕಾಯಿ ಒಡೆಯುವ ಮುಂಚೆ, ಯಜಮಾನರೇ ಟೇಪು ಹಿಡಿದು ಒಂದೊಂದು ಕಂಬದ ಸುತ್ತ ಅಳೆದು ನೋಡಿ. 40 ಇಲ್ಲದಿದ್ದರೆ ಅವತ್ತು ಮಿಕ್ಸರ್ ಶುರು ಮಾಡಲು ಬಿಡಬೇಡಿ.

ನಮಸ್ಕಾರ.