ಬೂಂದಿಗೆ ಮೂರಡಿ ಮನೆ: ನಮ್ಮ ಲೆಪರ್ಡ್ ಗೆಕೊ ಪೆಟ್ಟಿಗೆ ಸಿದ್ಧವಾದದ್ದು ಹೀಗೆ

ನಮಸ್ಕಾರ ಎಲ್ಲರಿಗೂ. ನಮ್ಮ ಹಾಲ್ ತುಂಬ ಹರಡಿರುವ ಈ ಹಲಗೆಗಳನ್ನು ನೋಡಿ ಹೊಸ ಫರ್ನಿಚರ್ ಬಂತಾ ಅಂತ ಕೇಳಬೇಡಿ. ಇವನ್ನು ಜೋಡಿಸಿದರೆ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಪೆಟ್ಟಿಗೆ ಆಗುತ್ತದೆ. ಮುಂದೆ ಜಾರುವ ಗಾಜು, ಹಿಂದೆ ಗಾಳಿಯಾಡಲು ಜಾಲರಿ. ಇಲ್ಲಿ ಇಂಗ್ಲೆಂಡಿನಲ್ಲಿ ಇದಕ್ಕೆ ವಿವೇರಿಯಂ ಅನ್ನುತ್ತಾರೆ. ಹಾವು, ಹಲ್ಲಿ ಸಾಕುವವರ ಬಾಯಲ್ಲಿ ಅದು ಬರೀ 'ವಿವ್'.

ಇದರ ಮಾಲೀಕಳ ಹೆಸರು ಬೂಂದಿ. ಲೆಪರ್ಡ್ ಗೆಕೊ, ಅಂದರೆ ಒಂದು ಜಾತಿಯ ಹಲ್ಲಿ. ಹಳದಿ ಮೈ, ಮೇಲೆಲ್ಲ ಕಪ್ಪು ಚುಕ್ಕಿ, ದಪ್ಪನೆ ಬಾಲ. ರೆಡಿಂಗ್‌ನಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ವಿದ್ಯಾರ್ಥಿಯೊಬ್ಬರಿಂದ ನಮ್ಮ ಮನೆಗೆ ಬಂದಳು. ಜೊತೆಗೆ ಬಂದ ಆಸ್ತಿ ಒಂದು ಪ್ಲಾಸ್ಟಿಕ್ ಡಬ್ಬ, ಅದರಡಿ ಒಂದು ಹೀಟ್ ಮ್ಯಾಟ್, ಒಳಗೆ ಟಿಶ್ಯೂ ಪೇಪರ್. ಅವಳು ಆರೋಗ್ಯವಾಗಿಯೇ ಇದ್ದಳು. ಆದರೆ ಇವು ಚೆನ್ನಾಗಿ ನೋಡಿಕೊಂಡರೆ ಹದಿನೈದು, ಇಪ್ಪತ್ತು ವರ್ಷ ಬದುಕುತ್ತವೆ. ಅಷ್ಟು ವರ್ಷ ಡಬ್ಬದಲ್ಲಿ ಕಳೆಯೋದು ಯಾಕೆ ಅಲ್ವಾ?

ವಿಡಿಯೋ ಕಾಲ್‌ನಲ್ಲಿ ಇದನ್ನೆಲ್ಲ ನೋಡಿ ಅಮ್ಮ, "ಅಲ್ಲ ಕಣೇ, ಇಲ್ಲಿ ನಾವು ಹಲ್ಲಿ ಓಡಿಸೋಕೆ ಪೊರಕೆ ಹಿಡ್ಕೊಂಡು ನಿಂತಿರ್ತೀವಿ, ನೀನು ದುಡ್ಡು ಸುರಿದು ಹಲ್ಲಿಗೆ ಮನೆ ಕಟ್ತಿದೀಯಾ?" ಅಂದರು. ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ಲೊಚಗುಡುತ್ತಾ?" ಅಂತ ಕೇಳಿದರು. ಇಲ್ಲಮ್ಮ, ಹೆದರಿದರೆ ಸಣ್ಣಗೆ ಕಿರುಚಬಹುದು, ಅದು ಬಿಟ್ಟರೆ ಇವಳು ಮೌನಿ. ಶಕುನದ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ಮನೆಹಲ್ಲಿಗೂ ಇವಳಿಗೂ ಇರುವ ವ್ಯತ್ಯಾಸದ ಮೇಲೆಯೇ ಪೆಟ್ಟಿಗೆಯ ಅಳತೆ ನಿಂತಿದೆ. ಈ ಕ್ಲೋಸ್‌ಅಪ್ ನೋಡಿ. ಬೆರಳ ತುದಿಯಲ್ಲಿ ಪುಟ್ಟ ಉಗುರು ಇದೆ, ಗೋಡೆಗೆ ಅಂಟಿಕೊಳ್ಳುವ ಪಟ್ಟಿ ಇಲ್ಲ. ಗಾಜು ಹತ್ತಲಾರಳು. ಇನ್ನು ಕಣ್ಣು. ಮನೆಹಲ್ಲಿಗೆ ರೆಪ್ಪೆ ಇರುವುದಿಲ್ಲ, ನಾಲಗೆಯಿಂದ ಕಣ್ಣು ಒರೆಸಿಕೊಳ್ಳುತ್ತದೆ. ಇವಳಿಗೆ ರೆಪ್ಪೆ ಇದೆ. ಈಗ ನೋಡಿ, ಮುಚ್ಚಿದಳು! ಮಲಗುವಾಗಲೂ ಕಣ್ಣು ಮುಚ್ಚಿಯೇ ಮಲಗುತ್ತಾಳೆ. ನೆಲದ ಪ್ರಾಣಿ ಆದ್ದರಿಂದ ಎತ್ತರಕ್ಕಿಂತ ನೆಲದ ವಿಸ್ತಾರ ಮುಖ್ಯ. ದೊಡ್ಡದಾದ ಒಂದು ಗೆಕೊಗೆ ಈ ಮೂರಡಿಯೇ ಕನಿಷ್ಠ ಅಂದುಕೊಳ್ಳಿ. ಎರಡನ್ನು ಒಟ್ಟಿಗೆ ಇಡಬೇಡಿ. ಜೊತೆ ಬೇಕು ಅನ್ನುವುದು ನಮ್ಮ ಆಸೆ, ಅವಕ್ಕೆ ಬೇಕಾಗಿಲ್ಲ.

ಇವುಗಳ ಮೂಲ ಅಫ್ಘಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತದ ಒಣ ಕಲ್ಲುಭೂಮಿ. ಮರುಭೂಮಿ ಅಂದ ತಕ್ಷಣ ಎಲ್ಲರ ತಲೆಗೂ ಬರುವುದು ಮರಳಿನ ದಿಬ್ಬ. ಇವು ಇರುವುದು ಗಟ್ಟಿ ನೆಲ, ಬಂಡೆ, ಕುರುಚಲು ಗಿಡ ಇರುವ ಕಡೆ. ಹಗಲೆಲ್ಲ ಬಂಡೆ ಸಂದಿಯಲ್ಲಿ ಅಡಗಿದ್ದು, ಮುಸ್ಸಂಜೆಗೆ ಹೊರಗೆ ಬರುತ್ತವೆ. ಊರಲ್ಲಿ ಕೂತು ಇದನ್ನು ನೋಡುತ್ತಿರುವವರಿಗೆ ಒಂದು ಮಾತು. ಇವುಗಳ ಹತ್ತಿರದ ಸಂಬಂಧಿಗಳು ಗುಜರಾತ್, ಮಹಾರಾಷ್ಟ್ರದಲ್ಲಿವೆ. ಕಾಡಿನಿಂದ ಹಿಡಿದು ತಂದು ಸಾಕುವುದು ಕಾನೂನಿಗೆ ವಿರುದ್ಧ. ಯಾರಾದರೂ ಮಾರಲು ಬಂದರೆ ದೂರ ಇರಿ. ನನ್ನ ಬಳಿ ಇರುವುದು ಇಲ್ಲೇ ಸಾಕಣೆಯಲ್ಲಿ ಹುಟ್ಟಿದ್ದು.

ಸರಿ, ಕೆಲಸಕ್ಕೆ ಬರೋಣ. ಹಲಗೆ ಜೋಡಿಸುವುದನ್ನು ಫಾಸ್ಟ್ ಫಾರ್ವರ್ಡ್ ಮಾಡಿದ್ದೇನೆ, ಅದರಲ್ಲಿ ನೋಡುವಂಥದ್ದೇನೂ ಇಲ್ಲ. ಸಂದಿಗಳಿಗೆ ಮಾತ್ರ ಮೀನಿನ ತೊಟ್ಟಿಗೆ ಬಳಸುವ ಸಿಲಿಕಾನ್ ಹಚ್ಚಿದೆ. ಇಲ್ಲದಿದ್ದರೆ ಮಣ್ಣಿನ ತೇವ ಹಲಗೆಯೊಳಗೆ ಇಳಿದು ಊದಿಕೊಳ್ಳುತ್ತದೆ. ಹಚ್ಚಿದಾಗ ವಿನೆಗರ್ ಥರ ಘಾಟು ಬರುತ್ತದೆ. ಆ ವಾಸನೆ ಪೂರ್ತಿ ಹೋಗುವ ತನಕ ಪ್ರಾಣಿಯನ್ನು ಒಳಗೆ ಬಿಡಬಾರದು. ನಮ್ಮ ಮನೆ ಕಿಟಕಿ ಒಂದೆರಡು ದಿನ ತೆರೆದೇ ಇತ್ತು, ಚಳಿಗೆ ಇವರು ಗೊಣಗಿದ್ದೇ ಗೊಣಗಿದ್ದು.

ಈಗ ಬಿಸಿ. ನನ್ನ ಪ್ರಕಾರ ದುಡ್ಡು ಹಾಕಬೇಕಾದ್ದು ಇಲ್ಲಿ. ಗುಹೆ, ಗಿಡ, ಅಲಂಕಾರ ಎಲ್ಲ ಆಮೇಲೆ. ಗೆಕೊ ತನ್ನ ಮೈಯೊಳಗೆ ಬಿಸಿ ಹುಟ್ಟಿಸಿಕೊಳ್ಳುವುದಿಲ್ಲ. ಹುಳ ತಿಂದರೆ ಅರಗಿಸಿಕೊಳ್ಳಲು ಬಿಸಿ ಜಾಗಕ್ಕೆ ಹೋಗಬೇಕು, ಸಾಕೆನಿಸಿದರೆ ತಂಪಿಗೆ ಬರಬೇಕು. ಹಾಗಾಗಿ ಪೆಟ್ಟಿಗೆ ಪೂರ್ತಿ ಒಂದೇ ಬಿಸಿ ಇದ್ದರೆ ಪ್ರಯೋಜನವಿಲ್ಲ. ಬಲಗಡೆ ಮೇಲೆ 50 ವ್ಯಾಟ್‌ನ ಹ್ಯಾಲೊಜೆನ್ ಬಲ್ಬ್, ಸುತ್ತ ತಂತಿಯ ಬುಟ್ಟಿ. ಗಾಜು ಹತ್ತದಿದ್ದರೂ ಕಲ್ಲು, ಕೊಂಬೆ ಹತ್ತುತ್ತಾಳೆ, ಬಲ್ಬ್‌ಗೆ ಮೈ ತಾಗಬಾರದು. ಬಲ್ಬ್ ಕೆಳಗೆ ಸ್ಲೇಟ್ ಕಲ್ಲು. ಆ ಕಲ್ಲಿನ ಮೇಲ್ಮೈ 32ರಿಂದ 35 ಡಿಗ್ರಿ ಇರಬೇಕು. ಎಡಗಡೆ ತುದಿ 22ರಿಂದ 25ರೊಳಗೆ.

ಬಿಸಿಯನ್ನು ಹಿಡಿತದಲ್ಲಿಡುವ ಈ ಥರ್ಮೋಸ್ಟಾಟ್ ಬಲ್ಬನ್ನು ಆನ್ ಆಫ್ ಮಾಡುವುದಿಲ್ಲ, ಬೆಳಕನ್ನು ಹೆಚ್ಚು ಕಡಿಮೆ ಮಾಡುತ್ತದೆ. ಹ್ಯಾಲೊಜೆನ್‌ಗೆ ಇಂಥದ್ದೇ ಬೇಕು. ಡಯಲ್ 30ಕ್ಕೆ ಇಟ್ಟು ಒಂದು ಗಂಟೆ ಬಿಟ್ಟೆ. ದೂರದಿಂದಲೇ ಬಿಸಿ ಅಳೆಯುವ ಟೆಂಪ್ ಗನ್ ಹಿಡಿದು ಕಲ್ಲಿನ ಮೇಲೆ ಕೆಂಪು ಚುಕ್ಕಿ ಬಿಟ್ಟರೆ 38! ಡಯಲ್ ಸುಳ್ಳು ಹೇಳುತ್ತಿದೆ ಅಂತಲ್ಲ. ಅದಕ್ಕೆ ಗೊತ್ತಾಗುವುದು ಪ್ರೋಬ್, ಅಂದರೆ ಅದರ ಬಿಸಿ ಅಳೆಯುವ ತಂತಿಯ ತುದಿ, ಇರುವ ಜಾಗದ ಬಿಸಿ ಮಾತ್ರ, ನನ್ನ ಪ್ರೋಬ್ ಇದ್ದದ್ದು ಕಲ್ಲಿನ ಪಕ್ಕದ ಗೋಡೆಯಲ್ಲಿ. ಡಯಲ್ ಸ್ವಲ್ಪ ಇಳಿಸಿದೆ, ಕಾದೆ, ಅಳೆದೆ. ಮತ್ತೆ ಇಳಿಸಿದೆ. ಕಲ್ಲು 34ಕ್ಕೆ ಬಂದು ನಿಂತಾಗ ಡಯಲ್ 27 ತೋರಿಸುತ್ತಿತ್ತು. ನಿಮ್ಮ ಮನೆಯಲ್ಲಿ ಈ ಲೆಕ್ಕ ಬೇರೆ ಬರುತ್ತದೆ, ಇದನ್ನೇ ಕಾಪಿ ಹೊಡೀಬೇಡಿ. ಪ್ರೋಬನ್ನು ಅಲುಗಾಡದ ಹಾಗೆ ಕ್ಲಿಪ್ ಹಾಕಿ ಕೂರಿಸಿ. ಅದು ಕಿತ್ತು ತಂಪು ಮೂಲೆಗೆ ಬಿದ್ದರೆ, ಪೆಟ್ಟಿಗೆ ಇನ್ನೂ ತಣ್ಣಗಿದೆ ಅಂದುಕೊಂಡು ಬಲ್ಬ್ ಪೂರ್ತಿ ಉರಿಯುತ್ತಲೇ ಇರುತ್ತದೆ.

ರಾತ್ರಿ ಬಲ್ಬ್ ಆರಬೇಕು. ಕೆಂಪು ಬಲ್ಬ್ ಹಾಕಿದರೆ ಅವಕ್ಕೆ ಕಾಣಿಸುವುದಿಲ್ಲ ಅಂತ ಅಂಗಡಿಯಲ್ಲಿ ಹೇಳುತ್ತಾರೆ, ನಂಬಬೇಡಿ, ಕಾಣಿಸುತ್ತದೆ. ರಾತ್ರಿ 18 ಡಿಗ್ರಿಗೆ ಇಳಿದರೂ ಇವಳಿಗೆ ತೊಂದರೆ ಇಲ್ಲ. ಆದರೆ ಜನವರಿಯಲ್ಲಿ ಹೀಟಿಂಗ್ ಆರಿಸಿದ ಮೇಲೆ ನಮ್ಮ ರೂಮು ಅದಕ್ಕಿಂತ ಕೆಳಗಿಳಿಯುತ್ತದೆ. ಅದಕ್ಕೇ ಬೆಳಕು ಚೆಲ್ಲದ ಒಂದು ಸೆರಾಮಿಕ್ ಹೀಟರ್, ಅದಕ್ಕೆ ಬೇರೆಯೇ ಥರ್ಮೋಸ್ಟಾಟ್.

ಮೇಲೆ ಹಿಂಬದಿಗೆ ಕಾಣುವ ಟ್ಯೂಬ್ ಯುವಿಬಿ, ಅಂದರೆ ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ ಕೊಡುವಂಥದ್ದು, ಶೇ 7ರದ್ದು. ನೆರಳಲ್ಲಿ ಬದುಕುವ ಪ್ರಾಣಿಗಳಿಗೆ ಅಂತಲೇ ಬರುತ್ತದೆ. ಸಂಜೆ ಪ್ರಾಣಿಗೆ ಬಿಸಿಲು ಯಾಕೆ ಅಂತ ಹಿಂದೆಲ್ಲ ಯಾರೂ ಹಾಕುತ್ತಿರಲಿಲ್ಲ. ಸಂದಿಯಿಂದ ಬರೀ ಬಾಲವನ್ನೋ ಕಾಲನ್ನೋ ಹೊರಗೆ ಚಾಚಿ ಬೆಳಕು ಕಾಯಿಸಿಕೊಳ್ಳುವುದನ್ನು ನೋಡಿದ ಮೇಲೆ ನನಗೆ ಅನುಮಾನ ಉಳಿದಿಲ್ಲ. ನಿಮ್ಮದು ಆಲ್ಬಿನೊ, ಅಂದರೆ ಹುಟ್ಟಿನಿಂದಲೇ ಮೈಯಲ್ಲಿ ಕಪ್ಪು ಬಣ್ಣ ಇಲ್ಲದ್ದು, ಆಗಿದ್ದರೆ ಮಾತ್ರ ಹುಷಾರು, ಅವುಗಳ ಕಣ್ಣಿಗೆ ಜೋರು ಬೆಳಕು ಆಗಿಬರುವುದಿಲ್ಲ. ಟ್ಯೂಬ್ ಉರಿಯುತ್ತಿದ್ದರೂ ಅದರ ಯುವಿ ಕ್ರಮೇಣ ಕಡಿಮೆಯಾಗುತ್ತದೆ. ಹಾಕಿದ ತಾರೀಖನ್ನು ಮಾರ್ಕರ್‌ನಲ್ಲಿ ಟ್ಯೂಬ್ ಮೇಲೇ ಬರೆದಿದ್ದೇನೆ, ವರ್ಷಕ್ಕೊಮ್ಮೆ ಬದಲಾವಣೆ.

ಮಣ್ಣು ಕಲಸುವ ಭಾಗ ನನಗೆ ತುಂಬ ಇಷ್ಟ. ಗೊಬ್ಬರ ಸೇರಿಸದ ತೋಟದ ಮಣ್ಣು ಏಳು ಪಾಲು, ಮಕ್ಕಳ ಆಟದ ಮರಳು ಮೂರು ಪಾಲು, ಒಂದಿಷ್ಟು ಜೇಡಿಪುಡಿ. ನೀರು ಚಿಮುಕಿಸಿ ಕೈಯಲ್ಲೇ ಕಲಸಿದೆ. ಹದ ಹೇಗೆ ಗೊತ್ತಾಗುತ್ತದೆ ಅಂದರೆ, ಮುಷ್ಟಿಯಲ್ಲಿ ಹಿಡಿದರೆ ತಂಬಿಟ್ಟಿನ ಹಾಗೆ ಉಂಡೆ ಕಟ್ಟಬೇಕು, ಬೆರಳಿಂದ ತಟ್ಟಿದರೆ ಒಡೆಯಬೇಕು. ನೀರು ಒಸರಿದರೆ ಜಾಸ್ತಿ ಆಯಿತು ಅಂತ. ಮೂರರಿಂದ ನಾಲ್ಕು ಇಂಚು ದಪ್ಪ ಹರಡಿ, ಒತ್ತಿ, ಒಣಗಲು ಬಿಟ್ಟೆ. ಬಣ್ಣಬಣ್ಣದ ಕ್ಯಾಲ್ಸಿಯಂ ಮರಳು ಸಿಗುತ್ತದೆ, ಅದು ಬೇಡವೇ ಬೇಡ. ನೆಕ್ಕಿ ತಿಂದು ಹೊಟ್ಟೆ ಕಟ್ಟಿಕೊಳ್ಳುತ್ತವೆ.

ಭಾರದ ಕಲ್ಲುಗಳನ್ನು ಮಣ್ಣಿನ ಮೇಲೆ ಇಟ್ಟಿಲ್ಲ, ನೋಡಿದಿರಾ? ಮೊದಲು ತಳದ ಹಲಗೆಯ ಮೇಲೆ ಕಲ್ಲು ಕೂರಿಸಿ, ಆಮೇಲೆ ಸುತ್ತ ಮಣ್ಣು ತುಂಬಿದ್ದು. ಇವಳು ತೋಡುತ್ತಾಳೆ. ಅಡಿಯ ಮಣ್ಣು ಕುಸಿದು ಕಲ್ಲು ಮೈಮೇಲೆ ಬಿದ್ದರೆ ಕಥೆ ಮುಗಿಯಿತು.

ಅಡಗುತಾಣ ಬಿಸಿ ಕಡೆ ಒಂದು, ತಂಪು ಕಡೆ ಒಂದು, ನಡುವೆ ತೇವದ್ದು ಒಂದು. ತೇವದ್ದು ಅಂದರೆ ಐಸ್‌ಕ್ರೀಂ ಡಬ್ಬಕ್ಕೆ ಬಾಗಿಲು ಕೊರೆದು ಒದ್ದೆ ಪಾಚಿ ತುಂಬಿದ್ದು. ಅಂಚನ್ನು ಮರಳುಕಾಗದದಲ್ಲಿ ಉಜ್ಜಿ ನಯ ಮಾಡಿದ್ದೇನೆ. ಪೊರೆ ಬಿಡುವಾಗ ಈ ತೇವ ಇಲ್ಲದಿದ್ದರೆ ಬೆರಳ ಸುತ್ತ ಹಳೆ ಚರ್ಮ ದಾರದಂತೆ ಬಿಗಿದು, ರಕ್ತ ಹರಿಯದೆ ಬೆರಳೇ ಉದುರಿಹೋಗುತ್ತದೆ. ಬೂಂದಿ ನಮ್ಮಲ್ಲಿಗೆ ಬರುವಾಗಲೇ ಅವಳ ಎಡ ಮುಂಗಾಲಲ್ಲಿ ಒಂದು ಬೆರಳ ತುದಿ ಇರಲಿಲ್ಲ.

ಉಳಿದ ಜಾಗ ಖಾಲಿ ಬಿಡಬೇಡಿ. ಖಾಲಿ ಇದ್ದರೆ ನಮ್ಮ ಕಣ್ಣಿಗೆ ನೀಟಾಗಿ ಕಾಣುತ್ತದೆ, ಅವಳಿಗೆ ಅದು ಮೇಲಿಂದ ಹದ್ದು ಎರಗಬಹುದಾದ ಬಯಲು. ಕಾರ್ಕ್ ತೊಗಟೆ, ಕೊಂಬೆ, ಪ್ಲಾಸ್ಟಿಕ್ ಗಿಡ, ಏನಾದರೂ ಸರಿ. ಒಂದು ಗುಹೆಯಿಂದ ಇನ್ನೊಂದಕ್ಕೆ ಮರೆಯಲ್ಲೇ ಹೋಗುವ ಹಾಗಿರಬೇಕು. ನೀರಿನ ಬಟ್ಟಲು ತಂಪು ಕಡೆ.

ಒಳಗೆ ಬಿಟ್ಟಾಗ ಅವಳು ಓಡಲಿಲ್ಲ. ಒಂದು ಹೆಜ್ಜೆ, ನಾಲಗೆ ಚಾಚಿ ಮಣ್ಣಿಗೆ ತಾಗಿಸಿದಳು. ಇನ್ನೊಂದು ಹೆಜ್ಜೆ, ಕಲ್ಲಿಗೆ. ಹೀಗೇ ಪೆಟ್ಟಿಗೆ ಪೂರ್ತಿ ನೆಕ್ಕಿಕೊಂಡು ಬಂದು, ತಂಪು ಕಡೆಯ ಗುಹೆ ಹೊಕ್ಕಳು. ಮೊದಲ ವಾರ ಕೈಯಲ್ಲಿ ಹಿಡಿಯುವುದಿಲ್ಲ ಅಂತ ಮನೆಯಲ್ಲಿ ಕಟ್ಟಪ್ಪಣೆ ಮಾಡಿದೆ. ಊಟ ಮಾತ್ರ ಇಡುವುದು, ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿದ ಮಿಡತೆ. ಮಿಡತೆ ಕಂಡಾಗ ಬಾಲದ ತುದಿ ಹೇಗೆ ನಡುಗಿಸುತ್ತಾಳೆ ನೋಡಿ.

ಆ ಮಿಡತೆ ಡಬ್ಬದ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಅಡುಗೆಮನೆಗೆ ತರಬೇಡ ಅಂತ ಇವರು. ಹೊರಗಿಟ್ಟರೆ ಚಳಿಗೆ ಸಾಯುತ್ತವೆ ಅಂತ ನಾನು. ಸದ್ಯಕ್ಕೆ ಇಸ್ತ್ರಿ ಟೇಬಲ್ ಕೆಳಗಿದೆ. ಅವಕ್ಕೆ ಏನು ತಿನ್ನಿಸಬೇಕು ಅನ್ನುವುದು ಮುಂದಿನ ವಿಡಿಯೋದಲ್ಲಿ.