ಕಸಿ ಕಟ್ಟಿದ ಕೊಂಬೆ

ಕೇಳುಗರಿಗೆ ನಮಸ್ಕಾರ.

ಮಾವಿನ ಕಸಿ ಕಟ್ಟುವುದನ್ನು ನಿಮ್ಮಲ್ಲಿ ತುಂಬಾ ಜನ ನೋಡಿರುತ್ತೀರಿ. ಬುಡದಲ್ಲಿ ನಾಟಿ ಗಿಡ. ಅದರ ಮೇಲೆ ಬಾದಾಮಿಯದೋ ಮಲ್ಲಿಕಾದ್ದೋ ಒಳ್ಳೆಯ ಕಡ್ಡಿ ಕೂರಿಸಿ ಬಿಗಿಯಾಗಿ ಸುತ್ತುತ್ತಾರೆ. ಇದನ್ನೇ ತಿರುವುಮುರುವು ಮಾಡಿ, ಫಲ ಕೊಡುವ ಮರಕ್ಕೆ ಕಾಡುಗಿಡದ ಕಡ್ಡಿ ಕಟ್ಟಿದರೆ? ನೋಡಿದವರು ನಗುತ್ತಾರೆ, ಅಲ್ವಾ?

ದೇವರು ಮಾಡಿದ್ದು ಇಂಥದೇ ಕಸಿ ಎಂದು ಯೇಸುವಿನ ಸುದ್ದಿ ಸಾರುತ್ತಿದ್ದ ಪೌಲ ಬರೆದ. ಸುಮಾರು 57ನೇ ಇಸವಿ. ರೋಮ್ ನಗರದ ಕ್ರೈಸ್ತರಿಗೆ ಬರೆದ ಕಾಗದ ಅದು. ಪೌಲ ಸ್ವತಃ ಯೆಹೂದ್ಯ. ಯೇಸುವೂ ಯೆಹೂದ್ಯನೇ, ಮೊದಲ ಶಿಷ್ಯರೂ ಯೆಹೂದ್ಯರೇ. ಆದರೆ ರೋಮ್ ಸಭೆಯಲ್ಲಿ ಹೊರಗಿನಿಂದ ಬಂದ ಬೇರೆ ಜನಾಂಗದವರೂ ಇದ್ದರು. ಅವರಲ್ಲಿ ಒಂದು ಜಂಬ ತಲೆಯೆತ್ತುವ ಹಾಗಿತ್ತು: ಯೆಹೂದ್ಯರಲ್ಲಿ ಹೆಚ್ಚಿನವರು ಯೇಸುವನ್ನು ಒಪ್ಪಲಿಲ್ಲ, ಹಾಗಾಗಿ ದೇವರು ಅವರ ಕೈಬಿಟ್ಟು ನಮ್ಮ ಕೈ ಹಿಡಿದಿದ್ದಾನೆ ಎಂದು.

ಪೌಲ ಆ ಪತ್ರದ 11ನೇ ಅಧ್ಯಾಯದಲ್ಲಿ ಈ ಜಂಬವನ್ನು ಹಿಡಿದು ಜಗ್ಗುತ್ತಾನೆ. ಇಸ್ರಾಯೇಲ್, ಅಂದರೆ ಯೆಹೂದ್ಯ ಜನ, ಒಂದು ಆಲಿವ್ ಮರ. ಕೆಲವು ಕೊಂಬೆ ಮುರಿದಿವೆ, ನಿಜ. ಆ ಜಾಗಕ್ಕೆ ನಿಮ್ಮನ್ನು ತಂದು ಕಟ್ಟಿದ್ದಾನೆ. ನೀವು ಕಾಡು ಆಲಿವ್. ಈ ಕಸಿ ಗಿಡದ ಸ್ವಭಾವಕ್ಕೆ ವಿರುದ್ಧ ಎಂದು ಅವನೇ ಒಪ್ಪುತ್ತಾನೆ. ಬೇರನ್ನು ಹೊತ್ತಿರುವುದು ನೀವಲ್ಲ, ನಿಮ್ಮನ್ನು ಹೊತ್ತಿರುವುದು ಬೇರು. ಮುರಿದ ಕೊಂಬೆಯನ್ನು ಮತ್ತೆ ಜೋಡಿಸಲು ದೇವರಿಗೆ ಬರುತ್ತದೆ. ಕೊಟ್ಟ ವರವನ್ನು, ಕರೆದ ಕರೆಯನ್ನು ಆತ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಇಷ್ಟು ಸ್ಪಷ್ಟವಾದ ಮಾತು ಪವಿತ್ರ ಗ್ರಂಥದಲ್ಲೇ ಇತ್ತು. ಆದರೂ ಚರ್ಚು ಅದನ್ನು ಸಾವಿರದ ಎಂಟುನೂರು ವರ್ಷ ಪಕ್ಕಕ್ಕಿಟ್ಟಿತು ಅಂದರೆ ತಪ್ಪಾಗಲಾರದು.

ಎರಡನೇ ಶತಮಾನದಲ್ಲಿ ಮಾರ್ಸಿಯನ್ ಎಂಬಾತ ಯೆಹೂದ್ಯರ ದೇವರೇ ಬೇರೆ, ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆ, ಅಂದರೆ ಯೆಹೂದ್ಯರ ಗ್ರಂಥವೇ ಬೇಡ ಎಂದ. ರೋಮ್ ಸಭೆ ಅವನನ್ನು ಹೊರಗೆ ಹಾಕಿತು. ಆದರೆ ಗ್ರಂಥವನ್ನು ಉಳಿಸಿಕೊಂಡವರು ಆ ಗ್ರಂಥದ ಜನರನ್ನು ಬಿಟ್ಟುಕೊಟ್ಟರು. ಹಳೆಯ ಒಪ್ಪಂದ ಮುಗಿಯಿತು, ಈಗ ನಾವೇ ನಿಜವಾದ ಇಸ್ರಾಯೇಲ್ ಎಂಬ ಬೋಧನೆ ಬೇರೂರಿತು. ಜರ್ಮನಿಯ ಧರ್ಮಸುಧಾರಕ ಲೂಥರ್ ವಿಷಯ ಇನ್ನೂ ಬೇಸರದ್ದು. 1523ರಲ್ಲಿ ಆತ ಯೆಹೂದ್ಯರ ಜೊತೆ ಪ್ರೀತಿಯಿಂದ ನಡೆದುಕೊಳ್ಳಿ ಎಂದು ಬರೆದ. ಅವರು ತನ್ನ ದಾರಿಗೆ ಬರಲಿಲ್ಲ. 1543ರಲ್ಲಿ ಅದೇ ಕೈ ಅವರ ಪ್ರಾರ್ಥನಾ ಮಂದಿರಗಳನ್ನು ಸುಡಿ ಎಂದು ಬರೆಯಿತು.

ಕಲ್ಲಿನಲ್ಲೂ ಇದನ್ನು ಕೆತ್ತಿದರು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಕ್ಯಾಥೆಡ್ರಲ್‌ನ ದಕ್ಷಿಣ ಬಾಗಿಲಲ್ಲಿ ಇಬ್ಬರು ಹೆಂಗಸರು ನಿಂತಿದ್ದಾರೆ. ಮೂಲ ಕೆತ್ತನೆ ಸುಮಾರು 1230ರದು. ಒಬ್ಬಳು ಚರ್ಚು. ತಲೆಯ ಮೇಲೆ ಕಿರೀಟ, ಕೈಯಲ್ಲಿ ಶಿಲುಬೆ. ಇನ್ನೊಬ್ಬಳು ಸಿನಗಾಗ್, ಅಂದರೆ ಯೆಹೂದ್ಯರ ಪ್ರಾರ್ಥನಾ ಮಂದಿರ. ಕಣ್ಣಿಗೆ ಬಟ್ಟೆ ಕಟ್ಟಿದೆ, ಹಿಡಿದ ಭರ್ಜಿ ಮುರಿದಿದೆ, ಮೋಶೆಯ ಧರ್ಮಶಾಸ್ತ್ರದ ಹಲಗೆಗಳು ಕೈಯಿಂದ ಜಾರುತ್ತಿವೆ. ಸೋತವಳನ್ನು ಶಿಲ್ಪಿ ತುಂಬಾ ಚೆಲುವೆಯಾಗಿ ಕೆತ್ತಿದ್ದಾನೆ. ನನಗಂತೂ ಕಿರೀಟದವಳಿಗಿಂತ ಇವಳೇ ಮನಸ್ಸಿನಲ್ಲಿ ಉಳಿಯುತ್ತಾಳೆ.

ಶುಭ ಶುಕ್ರವಾರದ ಪ್ರಾರ್ಥನೆಯಲ್ಲೂ ಇದೇ ಕಥೆ. ಪ್ರತಿಯೊಂದು ಬಿನ್ನಹಕ್ಕೂ ಜನ ಮೊಣಕಾಲೂರುತ್ತಿದ್ದರು. ಯೆಹೂದ್ಯರಿಗಾಗಿ ಬೇಡುವಾಗ ಮಾತ್ರ ಊರುತ್ತಿರಲಿಲ್ಲ. ಅವರ ಹೆಸರಿನ ಹಿಂದೆ ಒಂದು ಲ್ಯಾಟಿನ್ ಪದ ಇತ್ತು. ನಂಬಿಕೆ ಇಲ್ಲದವರು ಎನ್ನುವುದು ಅದರ ಹಳೆಯ ಅರ್ಥ. ಜನರ ಕಿವಿಗೆ ಬೀಳುತ್ತಿದ್ದದ್ದು ದ್ರೋಹಿಗಳು ಎಂದು. 1955ರಲ್ಲಿ ಮೊಣಕಾಲೂರುವುದು ಮರಳಿ ಬಂತು. 1959ರಲ್ಲಿ ಪೋಪ್ 23ನೇ ಜಾನ್ ಆ ಪದವನ್ನು ತೆಗೆಸಿದರು.

ಮರುವರ್ಷ, 1960ರ ಜೂನ್ 13ರಂದು, ಅವರನ್ನು ಕಾಣಲು 82 ವರ್ಷದ ಒಬ್ಬ ಮುದುಕರು ಬಂದರು. ಹೆಸರು ಜೂಲ್ ಇಸಾಕ್. ಫ್ರಾನ್ಸಿನ ಯೆಹೂದ್ಯ ಇತಿಹಾಸಕಾರರು. ಅಲ್ಲಿನ ಮಕ್ಕಳು ಇತಿಹಾಸ ಓದಿದ್ದು ಇವರ ಪಠ್ಯಪುಸ್ತಕಗಳಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಯೆಹೂದ್ಯ ಎಂಬ ಕಾರಣಕ್ಕೆ ಕೆಲಸ ಹೋಯಿತು. 1943ರಲ್ಲಿ ಹೆಂಡತಿಯನ್ನೂ ಮಗಳನ್ನೂ ನಾಜಿಗಳು ಹಿಡಿದುಕೊಂಡು ಹೋದರು. ಇಬ್ಬರೂ ತಿರುಗಿ ಬರಲಿಲ್ಲ. ತಲೆಮರೆಸಿಕೊಂಡು ಉಳಿದ ಈ ಮನುಷ್ಯ ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳನ್ನು ಒಂದೊಂದಾಗಿ ಓದಿದರು. ಈ ದ್ವೇಷ ಯೇಸುವಿನದಲ್ಲ, ಆಮೇಲೆ ಕಲಿಸಿದ್ದು ಎಂದು ತೋರಿಸಿದರು. ಅದಕ್ಕೆ ಅವರಿಟ್ಟ ಹೆಸರು ‘ತಿರಸ್ಕಾರದ ಬೋಧನೆ’. ಅಂದು ಹೊರಡುವ ಮುಂಚೆ, ಸ್ವಲ್ಪ ಆಸೆ ಇಟ್ಟುಕೊಂಡು ಹೋಗಬಹುದೇ ಎಂದು ಕೇಳಿದರಂತೆ. ಆಸೆಗಿಂತ ಹೆಚ್ಚಿನದಕ್ಕೆ ನಿಮಗೆ ಹಕ್ಕಿದೆ ಎಂದರಂತೆ ಪೋಪ್.

ಈ ಬೋಧನೆಯನ್ನು ಸರಿಪಡಿಸುವ ಕೆಲಸವನ್ನು ಪೋಪ್ ಜರ್ಮನಿಯ ಕಾರ್ಡಿನಲ್ ಬೇಯಾ ಅವರಿಗೆ ವಹಿಸಿದರು. ಲೋಕದ ಕ್ಯಾಥೋಲಿಕ್ ಬಿಷಪ್ಪರೆಲ್ಲ ಸೇರಿದ ವ್ಯಾಟಿಕನ್ ಮಹಾಸಭೆಯಲ್ಲಿ ಜಗ್ಗಾಟ ಜೋರಾಗಿಯೇ ನಡೆಯಿತು. ಅರಬ್ ದೇಶಗಳ ಬಿಷಪ್ಪರಿಗೆ ಇದು ರಾಜಕೀಯವಾಗಿ ಕಾಣುತ್ತದೆ ಎಂಬ ಭಯ. ಹಳೆಯ ಬೋಧನೆಯನ್ನು ಬಿಡಲು ಇನ್ನು ಕೆಲವರಿಗೆ ಮನಸ್ಸಿಲ್ಲ. ಕೊನೆಗೆ 1965ರ ಅಕ್ಟೋಬರ್ 28ರಂದು ‘ನೋಸ್ತ್ರಾ ಎತಾತೆ’ ಎಂಬ ಘೋಷಣೆ ಹೊರಬಂತು. ಪರವಾಗಿ 2221 ಮತ, ವಿರುದ್ಧ 88. ಯೇಸುವಿನ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸುವಂತಿಲ್ಲ, ದೇವರು ತಳ್ಳಿಬಿಟ್ಟ ಜನ ಎಂದು ಅವರನ್ನು ಚಿತ್ರಿಸುವಂತಿಲ್ಲ ಎಂದಿತು. ಆಧಾರ ಯಾವುದು ಗೊತ್ತೇ? ರೋಮ್ ಪತ್ರದ ಅದೇ 11ನೇ ಅಧ್ಯಾಯ, ಅದೇ ಆಲಿವ್ ಮರ. ಅದನ್ನು ನೋಡಲು ಪೋಪ್ ಜಾನ್ ಇರಲಿಲ್ಲ, ಇಸಾಕ್ ಅವರೂ ಇರಲಿಲ್ಲ. ಇಬ್ಬರೂ ತೀರಿಕೊಂಡಿದ್ದು 1963ರಲ್ಲಿ.

ಅಷ್ಟಕ್ಕೇ ಎಲ್ಲ ಕ್ರೈಸ್ತರೂ ಒಂದೇ ಮಾತಿಗೆ ಬಂದರು ಅಂದುಕೊಳ್ಳಬೇಡಿ. ಯೆಹೂದ್ಯರಿಗೂ ಸುವಾರ್ತೆ ಸಾರಲೇಬೇಕು ಎನ್ನುವ ಸಭೆಗಳು ಬೇಕಾದಷ್ಟಿವೆ. ವ್ಯಾಟಿಕನ್ನಿನ ಒಂದು ಆಯೋಗವು ಯೆಹೂದ್ಯರನ್ನು ಗುರಿಯಾಗಿಟ್ಟುಕೊಂಡ ಸಾಂಸ್ಥಿಕ ಮಿಷನ್ ಕೆಲಸವನ್ನು ಚರ್ಚು ನಡೆಸುವುದಿಲ್ಲ ಎಂದು 2015ರಲ್ಲಿ ಬರೆಯಿತು. ಆದರೆ ಯೆಹೂದ್ಯರ ಮುಂದೆಯೂ ಕ್ರೈಸ್ತರು ತಮ್ಮ ನಂಬಿಕೆಗೆ ಸಾಕ್ಷಿ ಹೇಳಬೇಕು ಎಂದೂ ಅದೇ ಕಾಗದದಲ್ಲಿದೆ. ಇನ್ನೊಂದು ಕಡೆ, 19ನೇ ಶತಮಾನದ ಜಾನ್ ನೆಲ್ಸನ್ ಡಾರ್ಬಿಯ ದಾರಿಯವರು ಇಸ್ರಾಯೇಲಿಗೆಂದೇ ದೇವರ ಬಳಿ ಬೇರೆ ಯೋಜನೆ ಇದೆ ಎನ್ನುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಅದನ್ನು ಇಂದಿನ ಇಸ್ರೇಲ್ ದೇಶಕ್ಕೂ ಅದರ ನೆಲಕ್ಕೂ ನೇರ ಜೋಡಿಸುತ್ತಾರೆ. ಆ ನೆಲದಲ್ಲೇ ಹುಟ್ಟಿದ ಪ್ಯಾಲೆಸ್ಟೀನಿನ ಕ್ರೈಸ್ತರಿಗೆ ಈ ಜೋಡಣೆ ಎದೆಗೆ ಚುಚ್ಚುತ್ತದೆ. 2009ರಲ್ಲಿ ಅವರು ಅದನ್ನು ಬರೆದೇ ಹೇಳಿದರು. ದೇವರ ಮಾತು ತಪ್ಪುವುದಿಲ್ಲ ಎಂದು ನಂಬುವುದು ಒಂದು, ಒಂದು ಸರ್ಕಾರ ಮಾಡಿದ್ದಕ್ಕೆಲ್ಲ ತಲೆಯಾಡಿಸುವುದು ಇನ್ನೊಂದು. ಪೌಲನ ಮರಕ್ಕೆ ಗಡಿರೇಖೆ ಎಳೆದಿಲ್ಲ ಎಂದೇ ನಾನು ಓದಿಕೊಂಡಿದ್ದೇನೆ.

ಸ್ಟ್ರಾಸ್‌ಬರ್ಗಿನ ಆ ಇಬ್ಬರು ಹೆಂಗಸರನ್ನು ಮತ್ತೊಮ್ಮೆ ಕೆತ್ತಿದ್ದಾರೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಸೇಂಟ್ ಜೋಸೆಫ್ಸ್ ವಿಶ್ವವಿದ್ಯಾಲಯದ ಅಂಗಳದಲ್ಲಿ. 2015ರ ಸೆಪ್ಟೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ನೋಡಿ ಆಶೀರ್ವದಿಸಿದರು. ಪಕ್ಕದಲ್ಲಿ ಅವರ ಹಳೆಯ ಗೆಳೆಯ, ಅರ್ಜೆಂಟೀನಾದ ಯೆಹೂದ್ಯ ಧರ್ಮಗುರು ರಬ್ಬಿ ಅಬ್ರಹಾಂ ಸ್ಕೋರ್ಕಾ ಇದ್ದರು. ಇಲ್ಲಿ ಇಬ್ಬರ ತಲೆಯ ಮೇಲೂ ಕಿರೀಟ. ಯಾರ ಕಣ್ಣಿಗೂ ಬಟ್ಟೆ ಇಲ್ಲ. ಅಕ್ಕಪಕ್ಕ ಕೂತಿದ್ದಾರೆ. ಒಬ್ಬಳ ಕೈಯಲ್ಲಿ ಬೈಬಲ್ ಪುಸ್ತಕ, ಇನ್ನೊಬ್ಬಳ ಕೈಯಲ್ಲಿ ಯೆಹೂದ್ಯರ ಧರ್ಮಗ್ರಂಥ ತೋರಾದ ಸುರುಳಿ. ಇವಳು ಅವಳ ಸುರುಳಿಯತ್ತ, ಅವಳು ಇವಳ ಪುಸ್ತಕದತ್ತ ಇಣುಕುತ್ತಿದ್ದಾರೆ.

ನಮಸ್ಕಾರ.